ಬಾಳೆನಾರಿನಲ್ಲಿ ಅಳೆದ ಆನೆ

ಆಲೂರು ಪೇಟೆಯಲ್ಲಿ ಹಳೇ ಪರಿಚಯದವರು ಸಿಕ್ಕಿ "ಈಗ ಏನ್ ಮಾಡ್ಕೊಂಡಿದೀಯ?" ಅಂತ ಕೇಳಿದರೆ, "ಸಿನಿಮಾಕ್ಕೆ, ಗೇಮಿಗೆ ಡ್ರಾಯಿಂಗ್ ಮಾಡ್ಕೊಡ್ತೀನಿ" ಅನ್ನುತ್ತೇನೆ. ಹತ್ತರಲ್ಲಿ ಎಂಟು ಜನ ತಕ್ಷಣ ಹೇಳುವುದು ಒಂದೇ ಮಾತು: "ಹಂಗಾದ್ರೆ ನಮ್ಮನೇಗೂ ಒಂದ್ ಪ್ಲಾನ್ ಬರ್ಕೊಡು." ಮೊದಮೊದಲು ನಗು ಬರುತ್ತಿತ್ತು. ಆಮೇಲಾಮೇಲೆ ಸಿಟ್ಟು. ಈಗ ಅವರು ಹೇಳುವುದರಲ್ಲಿ ತಪ್ಪೇನಿದೆ ಅನ್ನಿಸಿದೆ. ಕಾನ್ಸೆಪ್ಟ್ ಆರ್ಟ್ ಅಂದರೆ ಮನೆ ಪ್ಲಾನೇ. ಮನೆ ಇನ್ನೂ ಎದ್ದಿಲ್ಲ, ಗಾರೆಯವನು ಒಂದು ದೇಶದಲ್ಲಿ, ಬಡಗಿ ಇನ್ನೊಂದು ದೇಶದಲ್ಲಿ, ದುಡ್ಡು ಹಾಕುವವನಿಗೆ ಬಾಗಿಲು ಯಾವ ದಿಕ್ಕಿಗೆ ಅನ್ನುವುದೂ ತಿಳಿಯದು. ಅಷ್ಟೂ ಜನಕ್ಕೆ ಒಂದೇ ಮನೆ ಕಾಣುವ ಹಾಗೆ ಮೊದಲೇ ಬರೆದು ತೋರಿಸುವವನೊಬ್ಬ ಬೇಕು. ನಾನು ಬರೆಯುವ ಮನೆಯಲ್ಲಿ ವಾಸ ಮಾಡುವವರಿಗೆ ಕೆಲವು ಸಲ ಆರು ಕಾಲಿರುತ್ತವೆ, ಅಷ್ಟೇ.

ಬೆಂಗಳೂರಿನ ಸ್ಟುಡಿಯೋ ಒಂದರಲ್ಲಿ ಏಳು ವರ್ಷ ಈ ಕೆಲಸ ಮಾಡಿ, 2020ರ ಲಾಕ್‌ಡೌನಿಗೆ ಊರಿಗೆ ಬಂದವನು ಮತ್ತೆ ಹೋಗಲಿಲ್ಲ. ಆಲೂರು ಬಿಟ್ಟು ಸಕಲೇಶಪುರದ ಕಡೆಗೆ ಏರು ಶುರುವಾಗುವಲ್ಲಿ ನಮ್ಮ ಎರಡೆಕರೆ ರೋಬಸ್ಟಾ ಕಾಫಿ, ಕೆಳಗೆ ಹಳ್ಳದ ಪಕ್ಕ ಒಂದು ತುಂಡು ಗದ್ದೆ. ಮಳೆಗಾಲದಲ್ಲಿ ಕರೆಂಟು ಹೋದರೆ ಮೂರು ದಿನಕ್ಕೆ ಬಂದೀತು. ಫೈಲು ದೊಡ್ಡದಿದ್ದರೆ ಲ್ಯಾಪ್‌ಟಾಪನ್ನು ಗೊಬ್ಬರದ ಚೀಲದಲ್ಲಿ ಸುತ್ತಿಕೊಂಡು, ಬೈಕಿನಲ್ಲಿ ದಿಬ್ಬ ಹತ್ತಿ, ಸಿಗ್ನಲ್ ಇರುವ ಹಲಸಿನ ಮರದ ಬುಡದಲ್ಲಿ ಕೂತು ಕಳಿಸುತ್ತೇನೆ. ಹಲಸು ಹಣ್ಣಾಗುವ ಕಾಲದಲ್ಲಿ ಆ ಮರದ ಹತ್ತಿರ ಹೋಗುವುದಿಲ್ಲ. ಹಣ್ಣಿನ ವಾಸನೆಗೆ ಆನೆ ಬರುತ್ತದೆ, ಈ ಕಡೆಯವರಿಗೆ ಅದನ್ನು ಹೇಳಬೇಕಾಗಿಲ್ಲ.

ಆ ವರ್ಷದ ಜುಲೈನಲ್ಲಿ ಒಂದು ಗೇಮಿಗೆ ನಾಲ್ಕು ಕಾಲಿನ ಸರಕು ಸಾಗಿಸುವ ಯಂತ್ರ ಬರೆಯುತ್ತಿದ್ದೆ. ಕೆಸರು ತುಂಬಿದ ಗ್ರಹ, ಚಕ್ರ ಓಡದು, ಆದ್ದರಿಂದ ಕಾಲು. ಜಗಲಿಯಲ್ಲಿ ದೊಡ್ಡ ಮಾನಿಟರ್ ಇಟ್ಟುಕೊಂಡು ಎರಡು ದಿನ ಕೂತು ಬಣ್ಣ ತುಂಬಿದ್ದೆ. ತುಕ್ಕು, ಎಣ್ಣೆ ಸೋರಿದ ಗೆರೆ, ಹೊಟ್ಟೆಯಡಿ ದೀಪ, ಎಲ್ಲ ಚೆನ್ನಾಗಿ ಬಂದಿತ್ತು. ಗದ್ದೆಯಿಂದ ಬಂದ ಅಪ್ಪ ಕಂಬಳಿ ಕೊಪ್ಪೆ ಕೊಡವುತ್ತಾ ನಿಂತು ನೋಡಿ, "ಇದು ಬೀಳ್ತದೆ" ಅಂದರು.

"ಯಾಕೆ?"

"ಇಷ್ಟು ಭಾರದ್ದು ಓಡೋ ಕುದುರೆ ಹಂಗೆ ಕಾಲೆತ್ತಲ್ಲ. ಒಂದು ಪಕ್ಕದ ಹಿಂಗಾಲು ಮೊದಲು, ಆಮೇಲೆ ಅದೇ ಪಕ್ಕದ ಮುಂಗಾಲು. ಹಿಂಗಾಲು ಬಂದು ಮುಂಗಾಲಿನ ಗುರುತಿನ ಮೇಲೇ ಕೂರ್ತದೆ. ನಡೆದದ್ದು ನಾಲ್ಕು ಕಾಲಲ್ಲಿ, ಗುರುತು ನೋಡಿದ್ರೆ ಎರಡೇ ಕಾಲಿನದು ಅನ್ನಬೇಕು."

ಅಷ್ಟಕ್ಕೆ ಬಿಡಲಿಲ್ಲ. ಬಾಳೆಪಟ್ಟೆಯಿಂದ ಉದ್ದನೆಯ ನಾರು ಸೀಳಿ ಹೆಗಲಿಗೆ ಹಾಕಿಕೊಂಡು ನನ್ನನ್ನು ಹಳ್ಳದ ದಂಡೆಗೆ ಕರೆದುಕೊಂಡು ಹೋದರು. ಹಿಂದಿನ ರಾತ್ರಿ ಆನೆಗಳ ಗುಂಪು ದಾಟಿತ್ತು. ಬದುವಿನ ಕೆಸರಿನಲ್ಲಿ ಹೆಜ್ಜೆಗಳು ಅನ್ನದ ತಪ್ಪಲೆ ಊರಿ ತೆಗೆದ ಹಾಗಿದ್ದವು. ಮುಂಗಾಲಿನದು ದುಂಡಗೆ, ಹಿಂಗಾಲಿನದು ಕೊಂಚ ಉದ್ದಕ್ಕೆ, ಮೊಟ್ಟೆಯಾಕಾರ. ಹಿಂಗಾಲು ಮೆಟ್ಟದೆ ಉಳಿದ ದುಂಡಗಿನದೊಂದನ್ನು ಆರಿಸಿ, ಅದರ ಅಂಚಿನುದ್ದಕ್ಕೂ ನಾರನ್ನು ಒತ್ತಿಟ್ಟು, ಸುತ್ತು ಮುಗಿದಲ್ಲಿ ಉಗುರಿನಿಂದ ಗುರುತು ಮಾಡಿಕೊಂಡರು. ಆ ಅಳತೆಯ ಎರಡರಷ್ಟು ನಾರನ್ನು ನೆಟ್ಟಗೆ ಎತ್ತಿ ಹಿಡಿಯಲು ಹೇಳಿದರು. ನನ್ನ ತಲೆಯ ಮೇಲೆ ಇನ್ನೂ ಎರಡು ಗೇಣು ಹೋಯಿತು. "ಅದರ ಹೆಗಲು ಅಲ್ಲಿಗೆ ಬರ್ತದೆ. ಹೆಣ್ಣಾನೆ."

ಮುಂಗಾಲಿನ ಸುತ್ತಳತೆಯ ಎರಡರಷ್ಟು ಆನೆಯ ಎತ್ತರ ಅನ್ನುವ ಈ ಲೆಕ್ಕ ಅಪ್ಪನ ಸ್ವಂತದ್ದಲ್ಲ. ಅರಣ್ಯ ಇಲಾಖೆಯವರಿಗೂ ಗೊತ್ತು, ಮಾವುತರಿಗೆ ಅದಕ್ಕೂ ಮೊದಲೇ ಗೊತ್ತಿತ್ತು. ನನಗೆ ಮಾತ್ರ ಗೊತ್ತಿರಲಿಲ್ಲ. ಮನೆಗೆ ಬಂದು ಎರಡು ದಿನದ ಚಿತ್ರ ಅಳಿಸಿ ಮತ್ತೆ ಶುರು ಮಾಡಿದೆ. ಆ ಫೈಲಿನ ಹೆಸರು ಈಗಲೂ 'ಅಪ್ಪ-3'.

ಇದೇ ಪಾಠವನ್ನು ನನಗಿಂತ ನಲವತ್ತು ವರ್ಷ ಮೊದಲು ಕ್ಯಾಲಿಫೋರ್ನಿಯಾದವರು ಕಲಿತಿದ್ದರು. ಸ್ಟಾರ್ ವಾರ್ಸ್ ಸರಣಿಯ ಎರಡನೆಯ ಚಿತ್ರ 'ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್' ಬಂದದ್ದು 1980ರಲ್ಲಿ. ಹಿಮದ ಬಯಲಿನಲ್ಲಿ ಮಹಡಿ ಮನೆಯೆತ್ತರದ ನಾಲ್ಕು ಕಾಲಿನ ಯುದ್ಧಯಂತ್ರಗಳು ನಿಧಾನಕ್ಕೆ ನಡೆದು ಬರುವ ದೃಶ್ಯ ಅದರಲ್ಲಿದೆ. ಅವನ್ನು ರೂಪಿಸಿದವರು ಜೋ ಜಾನ್‌ಸ್ಟನ್. ಅವರಿಗೆ ಅದು ಶೂನ್ಯದಲ್ಲಿ ಹೊಳೆದದ್ದಲ್ಲ. ಅಮೆರಿಕದ ಒಂದು ಉಕ್ಕಿನ ಕಂಪನಿ 60ರ ದಶಕದಲ್ಲಿ ಸಿಡ್ ಮೀಡ್ ಅವರ ಕೈಯಲ್ಲಿ ಮುಂದಿನ ಕಾಲದ ವಾಹನಗಳ ಚಿತ್ರ ಬರೆಸಿತ್ತು, ಅದರಲ್ಲಿ ನಡೆಯುವ ಲಾರಿಯೊಂದಿತ್ತು. ಮುಂದೆ 1982ರ 'ಬ್ಲೇಡ್ ರನ್ನರ್' ಚಿತ್ರದ ಮಳೆ ಸುರಿಯುವ ನಗರಕ್ಕೆ ರೂಪ ಕೊಟ್ಟವರೂ ಇದೇ ಸಿಡ್ ಮೀಡ್.

ಚಿತ್ರವೇನೋ ಆಯಿತು, ನಡೆಸುವುದು ಹೇಗೆ? ಫಿಲ್ ಟಿಪ್ಪೆಟ್, ಜಾನ್ ಬರ್ಗ್ ಮತ್ತು ಅವರ ಜೊತೆಯವರು ಆನೆಯ ನಡಿಗೆಯನ್ನು ಚಿತ್ರೀಕರಿಸಿಕೊಂಡು ಅಭ್ಯಾಸ ಮಾಡಿದರು. ಪರದೆಯ ಮೇಲೆ ಗಗನ ಮುಟ್ಟುವ ಆ ಯಂತ್ರಗಳು ನಿಜದಲ್ಲಿ ಮೊಣಕಾಲೆತ್ತರದ ಗೊಂಬೆಗಳು. ಒಂದು ಸೆಕೆಂಡಿಗೆ 24 ಫ್ರೇಮು. ಕಾಲನ್ನು ಕೂದಲೆಳೆಯಷ್ಟು ಸರಿಸು, ಚಿತ್ರ ತೆಗೆ, ಮತ್ತೆ ಸರಿಸು. ನೆಲದ ಹಿಮ ಅಡುಗೆ ಸೋಡಾ. ಮೇಲಿಂದ ಕಾಲಿಟ್ಟರೆ ಸೋಡಾದ ಮೇಲೆ ಗುರುತು ಬೀಳುತ್ತದಲ್ಲ, ಅದಕ್ಕೆ ಕಲಾವಿದರು ಸೆಟ್ಟಿನ ಅಡಿಯಿಂದ ಮುಚ್ಚಳ ತೆಗೆದು ಬಿಲದ ಹೆಗ್ಗಣದ ಹಾಗೆ ತಲೆ ಹೊರಗೆ ಹಾಕಿ, ಗೊಂಬೆಯ ಕಾಲು ಸರಿಸಿ, ಮತ್ತೆ ಒಳಗೆ ಹೋಗುತ್ತಿದ್ದರು.

ಈ ದೃಶ್ಯವನ್ನು ಅಪ್ಪನಿಗೆ ಫೋನಿನಲ್ಲಿ ತೋರಿಸಿದೆ. ಎರಡು ನಿಮಿಷ ನೋಡಿ, "ನಡಿಗೆ ಪರವಾಗಿಲ್ಲ. ಕಾಲು ಸಪೂರ ಆಯ್ತು. ಯಾರಾದ್ರೂ ಹಗ್ಗ ಸುತ್ತಿ ಕೆಡವಬಹುದು" ಅಂದರು. ಸರಿಯಾಗಿ ಆಗಲೇ ಪರದೆಯ ಮೇಲೆ ಪುಟ್ಟ ವಿಮಾನವೊಂದು ಕೇಬಲ್ ಹಿಡಿದು ಕಾಲಿನ ಸುತ್ತ ಸುತ್ತಲು ಶುರು ಮಾಡಿತು. ಅಪ್ಪನಿಗೆ ಆಶ್ಚರ್ಯವೇನೂ ಆಗಲಿಲ್ಲ. ಸ್ಟಾರ್ ವಾರ್ಸ್ ಅಭಿಮಾನಿಗಳು ಬೇಜಾರು ಮಾಡಿಕೊಳ್ಳದಿದ್ದರೆ ನನ್ನದೂ ಒಂದು ತಕರಾರಿದೆ: ಆ ಯಂತ್ರ ಧಡ್ ಧಡ್ ಅಂತ ನೆಲ ನಡುಗಿಸುತ್ತದೆ. ಆನೆ ಹಾಗಲ್ಲ. ಅದರ ಹಿಮ್ಮಡಿಯ ಕೆಳಗೆ ಕೊಬ್ಬಿನ ದಪ್ಪ ಮೆತ್ತೆಯಿದೆ, ಒಳಗಿನ ಎಲುಬು ನೋಡಿದರೆ ಅದು ತುದಿಗಾಲಲ್ಲಿ ನಿಂತ ಪ್ರಾಣಿ. ಕಾಫಿ ಗಿಡದ ನಡುವೆ ಮೂರು ಟನ್ನಿನ ಜೀವ ನಿಮ್ಮ ಹತ್ತು ಮಾರು ಹತ್ತಿರಕ್ಕೆ ಬಂದರೂ ಒಣಗಿದ ಎಲೆ ಸದ್ದು ಮಾಡುವುದಿಲ್ಲ. ನಿಜಕ್ಕೂ ಹೆದರಿಸಬೇಕಿದ್ದರೆ ಆ ಯಂತ್ರವನ್ನು ಮೌನವಾಗಿ ನಡೆಸಬೇಕಿತ್ತು.

ಸರಣಿಯ ಮೊದಲ ಚಿತ್ರದಲ್ಲಿ, ಅಂದರೆ 1977ರದರಲ್ಲಿ, ಆನೆಯೇ ನಟಿಸಿದೆ. ಮರುಭೂಮಿಯ ಜನ ಸವಾರಿ ಮಾಡುವ 'ಬಾಂಥಾ' ಎಂಬ ರೋಮದ ಪ್ರಾಣಿ ನಿಜದಲ್ಲಿ ಮಾರ್ಜಿ ಎಂಬ ಹೆಣ್ಣಾನೆ. ಏಷ್ಯಾದ ಆನೆ, ನಮ್ಮ ಕಾಡಿನವುಗಳ ಜಾತಿಯೇ. ತಲೆಗೆ ಕೋಳಿ ಬಲೆಯ ಚೌಕಟ್ಟು, ಕೊಂಬಿಗೆ ಮನೆಗಳಲ್ಲಿ ಗಾಳಿ ಹೋಗಲು ಹಾಕುವ ಬಳುಕುವ ಕೊಳವೆ, ಮೈಕೂದಲಿಗೆ ತಾಳೆಗರಿ. ಬಿಸಿಲಿಗೆ ಅದಕ್ಕೆ ರೇಗಿ ಆಗಾಗ ವೇಷವನ್ನು ಕೊಡವಿ ಹಾಕುತ್ತಿತ್ತಂತೆ. ನಮ್ಮೂರ ಶಾಲೆಯ ವಾರ್ಷಿಕೋತ್ಸವದಲ್ಲಿ ಸಿಂಹದ ವೇಷದ ಹುಡುಗ ಮಾಡಿದ್ದೂ ಅದನ್ನೇ.

ಜನ ತಪ್ಪು ತಿಳಿಯುವುದು ಇಲ್ಲೇ. ಸೈನ್ಸ್ ಫಿಕ್ಷನ್ ಅಂದರೆ ಎಲ್ಲೂ ಇಲ್ಲದ್ದನ್ನು ಹುಟ್ಟಿಸುವುದು ಅಂದುಕೊಳ್ಳುತ್ತಾರೆ. ಪೂರ್ತಿ ಹೊಸದನ್ನು ಬರೆದುಕೊಟ್ಟರೆ ಕಣ್ಣು ಒಪ್ಪುವುದಿಲ್ಲ, ಎಲ್ಲಿ ಹಿಡಿದುಕೊಳ್ಳಬೇಕೆಂದು ಅದಕ್ಕೆ ಗೊತ್ತಾಗುವುದಿಲ್ಲ. ಇರುವುದರ ತೂಕವನ್ನು ಕದ್ದು ಇಲ್ಲದ್ದಕ್ಕೆ ಕಟ್ಟುವುದೇ ನಮ್ಮ ಕಸುಬು. ಸ್ಟಾರ್ ವಾರ್ಸ್ ಕಥೆಯ ಕರಡು ಓದಿದವರಿಗೆ ತಲೆಬುಡ ತಿಳಿಯದಿದ್ದಾಗ ನಿರ್ದೇಶಕ ಜಾರ್ಜ್ ಲೂಕಸ್ ಹಿಡಿದದ್ದು ರಾಲ್ಫ್ ಮ್ಯಾಕ್‌ಕ್ವಾರಿ ಅವರನ್ನು. ಅವರು ಬೋಯಿಂಗ್ ವಿಮಾನ ಕಂಪನಿಯಲ್ಲಿ ತಾಂತ್ರಿಕ ಚಿತ್ರ ಬರೆದ ಮನುಷ್ಯ, ಆದ್ದರಿಂದ ಅವರ ಕನಸಿನ ಯಂತ್ರಕ್ಕೂ ಎಲ್ಲಿ ಬೋಲ್ಟು ಕೂರುತ್ತದೆ ಅನ್ನುವುದು ಗೊತ್ತಿತ್ತು. ಬಂಗಾರದ ಬಣ್ಣದ ರೋಬೋ ಸಿ-3ಪಿಒಗೆ 1927ರ ಜರ್ಮನ್ ಚಿತ್ರ 'ಮೆಟ್ರೊಪೊಲಿಸ್'ನ ಯಂತ್ರದ ಹೆಣ್ಣಿನ ಛಾಯೆ ಇದೆ. ಖಳನಾಯಕ ಡಾರ್ತ್ ವೇಡರ್ ಒಂದು ನೌಕೆಯಿಂದ ಇನ್ನೊಂದಕ್ಕೆ ಗಾಳಿಯಿಲ್ಲದ ಬಾಹ್ಯಾಕಾಶದಲ್ಲಿ ದಾಟಬೇಕೆಂದು ಕರಡಿನಲ್ಲಿತ್ತು. ಹಾಗಾದರೆ ಉಸಿರಿಗೇನು ಗತಿ ಅಂತ ಮ್ಯಾಕ್‌ಕ್ವಾರಿ ಒಂದು ಮುಖವಾಡ ಬರೆದರು. ಮುಂದೆ ಕಥೆ ಎಷ್ಟು ಸಲ ಬದಲಾದರೂ ಮುಖವಾಡ ಉಳಿಯಿತು, ಇವತ್ತು ಆ ಪಾತ್ರದ ಗುರುತೇ ಅದರ ಉಸಿರಿನ ಸದ್ದು. ಬೆಳಕಿನ ಕತ್ತಿಯ ಹಿಡಿ ಲಂಡನ್ನಿನ ಅಂಗಡಿಯೊಂದರಲ್ಲಿ ಸಿಕ್ಕ ಹಳೇ ಗ್ರಾಫ್ಲೆಕ್ಸ್ ಕ್ಯಾಮೆರಾದ ಫ್ಲ್ಯಾಶ್ ಹಿಡಿ. ಸೆಟ್ ಅಲಂಕಾರ ನೋಡುತ್ತಿದ್ದ ರೋಜರ್ ಕ್ರಿಶ್ಚಿಯನ್ ಅದಕ್ಕೆ ರಬ್ಬರ್ ಪಟ್ಟಿ ಅಂಟಿಸಿದರು. ನೌಕೆಗಳ ಮೈಮೇಲಿನ ಕೊಳವೆ, ಪೆಟ್ಟಿಗೆಗಳಲ್ಲಿ ಬಹಳಷ್ಟು ಮಕ್ಕಳಾಟದ ಟ್ಯಾಂಕ್ ಕಿಟ್ಟುಗಳ ತುಂಡುಗಳು.

ಗುಜರಿ ಅಂಗಡಿಗೆ ಹೋದರೆ ನನಗೂ ಕೈ ಸುಮ್ಮನಿರುವುದಿಲ್ಲ. ತೋಟಗಳಿಂದ ಬಂದ ಹಳೇ ಪಲ್ಪರಿನ ಉರುಳೆ ನೋಡಿದ್ದೀರಾ? ತಾಮ್ರದ ತಗಡಿನ ಮೇಲೆ ಸಾಲು ಸಾಲಾಗಿ ಉಬ್ಬುಗಳು, ಹಲಸಿನ ಸಿಪ್ಪೆಯನ್ನು ಲೋಹದಲ್ಲಿ ಎರಕ ಹೊಯ್ದ ಹಾಗೆ. ಕಾಫಿ ಹಣ್ಣಿನ ಸಿಪ್ಪೆ ಸುಲಿಯಲು ಮಾಡಿದ್ದು. ಅಡ್ಡ ಮಲಗಿಸಿ ಕೆಳಗಿನಿಂದ ಬೆಳಕು ಬಿಟ್ಟು ಫೋಟೊ ತೆಗೆದರೆ ಬಾಹ್ಯಾಕಾಶ ನೌಕೆಯ ಎಂಜಿನ್. ಮೂರು ಕೆಲಸದಲ್ಲಿ ಮೂರು ಥರ ಉಪಯೋಗಿಸಿದ್ದೇನೆ.

ಗೊರಬನ್ನು ಉಪಯೋಗಿಸಿದ್ದು ಒಂದೇ ಸಲ, ಅದರ ಕಥೆ ಬೇರೆ. ಬಿದಿರಿನ ಸೀಳಿನ ಹೆಣಿಗೆಯ ನಡುವೆ ಒಣಗಿದ ಎಲೆ ಒತ್ತಾಗಿ ತುಂಬಿ, ನೆತ್ತಿಯಿಂದ ಸೊಂಟದ ಕೆಳಗಿನವರೆಗೆ ಬಾಗಿದ ಚಿಪ್ಪಿನ ಹಾಗೆ ಮಾಡುವ ಮಳೆಗಾಪು ಅದು. ಬಗ್ಗಿ ನಾಟಿ ಮಾಡುವವರ ಬೆನ್ನಿಗೆಂದೇ ಹುಟ್ಟಿದ ವಸ್ತು. ನೆಟ್ಟಗೆ ನಿಂತವನಿಗೆ ಒಪ್ಪುವುದಿಲ್ಲ. ಎರಡೂ ಕೈ ಬಿಡುವಾಗಿರಬೇಕು, ನೀರು ಬೆನ್ನಿನಿಂದ ಆಚೆ ಜಾರಬೇಕು, ಗಾಳಿ ಬೀಸಿದರೆ ಮಗುಚಬಾರದು. ಡಿಸೈನ್ ಕಾಲೇಜಿನವರು ವರ್ಷವಿಡೀ ಪಾಠ ಮಾಡುವುದೆಲ್ಲ ಅದರಲ್ಲಿದೆ. ನಾನು ಸಣ್ಣವನಿದ್ದಾಗ ಗದ್ದೆಯಲ್ಲಿ ಹತ್ತು ಹನ್ನೆರಡು ಗೊರಬು ಒಟ್ಟಿಗೆ ಹಿಂದಕ್ಕೆ ಸರಿಯುತ್ತಾ ಹೋಗುವುದನ್ನು ಜಗಲಿಯಿಂದ ನೋಡಿದರೆ ಮುಖ ಕಾಣುತ್ತಿರಲಿಲ್ಲ, ದೊಡ್ಡ ದುಂಬಿಗಳ ಸಾಲು. ಈಗ ಎಲ್ಲರೂ ನೀಲಿ ಪ್ಲಾಸ್ಟಿಕ್ ಹೊದೆಯುತ್ತಾರೆ. ಒಂದು ಗೊರಬು ನಮ್ಮ ಅಟ್ಟದಲ್ಲಿತ್ತು, ಇಲಿ ತಿಂದದ್ದು. ಅದನ್ನಿಳಿಸಿ, ಬಿಚ್ಚಿ, ಹೆಣಿಗೆ ಬರೆದುಕೊಂಡು, ಸದಾ ಮಳೆ ಸುರಿಯುವ ಗ್ರಹವೊಂದರ ಕೂಲಿಯವರ ವೇಷ ಮಾಡಿಕೊಟ್ಟೆ. ಗಿರಾಕಿಗಳು ಹತ್ತು ವೇಷದಲ್ಲಿ ಅದನ್ನೇ ಆರಿಸಿದರು. ಗೇಮು ಬಂತು. ಕೊನೆಯಲ್ಲಿ ಓಡುವ ಹೆಸರುಗಳಲ್ಲಿ ನನ್ನದಿಲ್ಲ. ನಾನು ದುಡಿದ ಸ್ಟುಡಿಯೋದ ಹೆಸರು ಒಂದು ಸಾಲಿನಲ್ಲಿದೆ, ಅಷ್ಟೇ. ಯಾವ ಗೇಮು ಅಂತ ಇಲ್ಲಿ ಬರೆಯುವ ಹಾಗೂ ಇಲ್ಲ, ಕರಾರಿಗೆ ಸಹಿ ಹಾಕಿದ್ದೇನೆ. ಈ ಕಸುಬಿನಲ್ಲಿ ಇದು ದಿನನಿತ್ಯದ ಮಾತು. ನನ್ನ ಹೊಟ್ಟೆಯುರಿ ನನ್ನ ಹೆಸರಿಗಿಂತ ಆ ಹೆಣಿಗೆಯ ಹೆಸರಿಗೆ. 'ಗೊರಬು' ಅನ್ನುವ ಮೂರು ಅಕ್ಷರ ಎಲ್ಲಾದರೂ ಒಂದು ಮೂಲೆಯಲ್ಲಿ ಇರಬಹುದಿತ್ತು. ಮೊನ್ನೆ ಮೊನ್ನೆ ಚಿತ್ರ ಬರೆಯುವ ಎಐಗೆ ಗೊರಬು ಬರೆ ಅಂದೆ. ವಿಯೆಟ್ನಾಮಿನ ಗೋಪುರದ ಟೊಪ್ಪಿ ಕೊಟ್ಟಿತು. ನಮ್ಮ ಕೆಲಸವನ್ನು ಅದು ಕಿತ್ತುಕೊಳ್ಳುತ್ತದೆ ಅನ್ನುತ್ತಾರೆ, ಇರಬಹುದು; ಸದ್ಯಕ್ಕೆ ಅದು ನಮ್ಮ ಅಟ್ಟ ಹತ್ತಿಲ್ಲ.

ಭಾರತದ ನೆಲದ ವಾಸನೆ ಸ್ಟಾರ್ ವಾರ್ಸ್ ಸರಣಿಗೆ ಬಂದದ್ದು ತೀರಾ ತಡವಾಗಿ. ಬೇರೆ ಬೇರೆ ದೇಶಗಳ ಸ್ಟುಡಿಯೋಗಳು ಮಾಡಿದ 'ಸ್ಟಾರ್ ವಾರ್ಸ್: ವಿಷನ್ಸ್' ಕಿರುಚಿತ್ರಗಳ ಎರಡನೆಯ ಕಂತು 2023ರ ಮೇ 4ಕ್ಕೆ ಬಂತು. ಅದರಲ್ಲಿ ಮುಂಬೈನ 88 ಪಿಕ್ಚರ್ಸ್ ಮಾಡಿದ, ಇಶಾನ್ ಶುಕ್ಲಾ ನಿರ್ದೇಶನದ 'ದಿ ಬ್ಯಾಂಡಿಟ್ಸ್ ಆಫ್ ಗೊಲಾಕ್' ಇದೆ. ಶುರುವಾಗುವುದೇ ರೈಲಿನಿಂದ. ಓಡಿಹೋಗುತ್ತಿರುವ ಅಣ್ಣ ತಂಗಿ, ದಾರಿಯಲ್ಲೊಂದು ಢಾಬಾ. ನೋಡುತ್ತಾ ನನಗೆ ಖುಷಿಯಾಯಿತು, ಜೊತೆಗೆ ಒಂದು ಸಣ್ಣ ಮತ್ಸರವೂ. ರೈಲೇ ಬೇಕಿದ್ದರೆ ದೋಣಿಗಾಲಿನಿಂದ ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲು ದಾಟಿ ಸುಬ್ರಹ್ಮಣ್ಯದ ಕಡೆ ಇಳಿಯುವ ನಮ್ಮ ಘಾಟಿಯ ರೈಲಿಗಿಂತ ಇನ್ನೊಂದು ಬೇಕೆ? 57 ಸುರಂಗ. ಐವತ್ತು ಅಡಿ ಮುಂದೆ ಹೋದರೆ ಒಂದಡಿ ಇಳಿಯುವ ಕಡಿದು. ಸುರಂಗದ ಕತ್ತಲಿನಿಂದ ಹೊರಬಿದ್ದ ಕೂಡಲೇ ಸೇತುವೆಯ ಮೇಲಿರುತ್ತೀರಿ, ಕೆಳಗೆ ಮಂಜು ಬಿಟ್ಟರೆ ಬೇರೇನೂ ಇರುವುದಿಲ್ಲ. ಬಾಹ್ಯಾಕಾಶಕ್ಕೆ ಟಿಕೆಟ್ ಬೇರೆ ಕೊಳ್ಳಬೇಕಾಗಿಲ್ಲ. (ಹಳಿಯ ಮೇಲೆ ಚಾರಣ ಹೋಗುವುದಕ್ಕೆ ನಿಷೇಧವಿದೆ, ಕಿಟಕಿಯಿಂದ ನೋಡಿ.)

ಕಾನ್ಸೆಪ್ಟ್ ಡ್ರಾಯಿಂಗ್ ಅಂದರೇನೆಂದು ಶಾಲೆಯ ಮಕ್ಕಳಿಗೆ ಹೇಳಬೇಕಾದಾಗ ನಾನು ಸ್ಟಾರ್ ವಾರ್ಸ್ ತೆಗೆಯುವುದಿಲ್ಲ, ಮಂಜರಾಬಾದಿಗೆ ಕರೆದುಕೊಂಡು ಹೋಗುತ್ತೇನೆ. ಸಕಲೇಶಪುರದಿಂದ ಮಂಗಳೂರು ರಸ್ತೆಯಲ್ಲಿ ಐದಾರು ಕಿಲೋಮೀಟರ್, ದೋಣಿಗಾಲಿನ ಹತ್ತಿರ. ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ, ಎಂಟು ಮೂಲೆಯ ನಕ್ಷತ್ರದ ಕೋಟೆ. ಮಕ್ಕಳು ಹತ್ತಿ ಬಂದು ಗೋಡೆಯ ಮೇಲೆ ನಿಂತು ಕೇಳುವುದು ಒಂದೇ: "ನಕ್ಷತ್ರ ಎಲ್ಲಿದೆ?" ನಿಂತವರಿಗೆ ಅದು ಕಾಣುವುದೇ ಇಲ್ಲ. ಒಂದು ಗೋಡೆ ಓರೆಯಾಗಿ ಹೋಗಿ ಚೂಪಾಗಿ ತಿರುಗುತ್ತದೆ, ಅಷ್ಟೇ. ಮೇಲಿನಿಂದ ನೋಡಿದವನಿಗೆ ಮಾತ್ರ ನಕ್ಷತ್ರ, 1792ರಲ್ಲಿ ಮೇಲಿನಿಂದ ನೋಡುವವರು ಹದ್ದುಗಳಷ್ಟೇ. ಅಂದಮೇಲೆ ಯಾರೋ ಒಬ್ಬ ಕಲ್ಲು ಎತ್ತುವ ಮೊದಲೇ ಹದ್ದಿನ ಕಣ್ಣಿನಿಂದ ಇದನ್ನು ಕಾಗದದ ಮೇಲೆ ಕಂಡಿರಬೇಕು. ಆ ಕಾಗದವೇ ಕಾನ್ಸೆಪ್ಟ್ ಆರ್ಟ್.

ನಕ್ಷತ್ರ ಚೆಂದಕ್ಕೆ ಮಾಡಿದ್ದೂ ಅಲ್ಲ. ಫ್ರಾನ್ಸಿನ ವೋಬಾನ್ ಎಂಬ ಕೋಟೆ ಎಂಜಿನಿಯರ್ ಹದಿನೇಳನೆಯ ಶತಮಾನದಲ್ಲಿ ಹೆಸರುವಾಸಿ ಮಾಡಿದ ಪದ್ಧತಿ ಇದು. ದುಂಡಗಿನ ಬುರುಜಿನ ಬುಡದಲ್ಲಿ ಶತ್ರು ಬಂದು ಅಂಟಿಕೊಂಡು ನಿಂತರೆ ಮೇಲಿನ ತೋಪಿಗೆ ಅವನು ಸಿಗುವುದಿಲ್ಲ. ಗೋಡೆಯನ್ನು ಚೂಪಾಗಿ ಮಡಚಿದರೆ ಪ್ರತಿ ಗೋಡೆಯ ಬುಡವೂ ಪಕ್ಕದ ಗೋಡೆಯವನ ಗುರಿಗೆ ಬರುತ್ತದೆ. ಮರೆ ನಿಲ್ಲಲು ಜಾಗವೇ ಇರುವುದಿಲ್ಲ. ಮಕ್ಕಳನ್ನು ಎಂಟು ಚೂಪಿನಲ್ಲೂ ನಿಲ್ಲಿಸಿ ಕಣ್ಣಾಮುಚ್ಚಾಲೆ ಆಡಿಸಿದ್ದೇನೆ. ಹೊರಗಿನ ಗೋಡೆಗೆ ಅಂಟಿ ಅಡಗಿದವನು ಪ್ರತಿ ಸಲವೂ ಸಿಕ್ಕಿಬೀಳುತ್ತಾನೆ. ಮೂರನೇ ಆಟಕ್ಕೆ ಅವರೇ ಕಾಗದದ ಮೇಲೆ ನಕ್ಷತ್ರ ಬರೆಯುತ್ತಾರೆ.

ಆನೆಯನ್ನು ಇಷ್ಟೆಲ್ಲ ಹೊಗಳಿ ಬರೆದದ್ದನ್ನು ನಮ್ಮೂರವರು ಓದಿದರೆ ಬೈದಾರು. ಸಿನಿಮಾದವರಿಗೆ ಅದು ನಡಿಗೆಯ ಮಾದರಿ, ನಮಗೆ ಒಂದು ರಾತ್ರಿಗೆ ವರ್ಷದ ಭತ್ತ. ಹೇಮಾವತಿ ಅಣೆಕಟ್ಟಿನ ಮುಳುಗಡೆಯಲ್ಲಿ ಊರು ಕಳೆದುಕೊಂಡವರಿಗೆ ಆಲೂರು, ಸಕಲೇಶಪುರದ ಕಾಡಂಚಿನಲ್ಲಿ ಜಮೀನು ಕೊಟ್ಟರು. ಜನ ಒಂದು ಕಡೆ ಮುಳುಗಿ ಇನ್ನೊಂದು ಕಡೆ ಎದ್ದರು, ಎದ್ದಲ್ಲಿ ಆನೆ ಇತ್ತು. ಈಗ ಗುಂಪಿನ ಹೆಣ್ಣಾನೆಗೆ ರೇಡಿಯೋ ಕಾಲರ್, ನಮ್ಮ ಫೋನಿಗೆ ಮೆಸೇಜು, ರಸ್ತೆ ಕೂಡುವಲ್ಲಿ 'ಆನೆ ಇದೆ' ಎಂದು ಕೆಂಪಕ್ಷರದಲ್ಲಿ ಬೆಳಗುವ ಬೋರ್ಡು. ಭೀಮ, ಕ್ಯಾಪ್ಟನ್, ಬೀಟಮ್ಮನ ಗುಂಪು ಅಂತ ಹೆಸರಿಟ್ಟು, ಈವತ್ತು ಯಾರು ಯಾವ ತೋಟದಲ್ಲಿ ಅಂತ ನೆಂಟರ ವಿಷಯ ಮಾತಾಡುವ ಹಾಗೆ ಮಾತಾಡುತ್ತೇವೆ. ಎಂಟು ಸಲ ಮೈಸೂರು ದಸರಾದ ಅಂಬಾರಿ ಹೊತ್ತ ಆನೆ ಅರ್ಜುನ 2023ರ ಡಿಸೆಂಬರ್ 4ರಂದು ಕಾಡಾನೆಯ ಜೊತೆ ಕಾದಾಡಿ ಸತ್ತದ್ದು ಇಲ್ಲೇ, ಯಸಳೂರು ವಲಯದಲ್ಲಿ. ಆ ವಾರ ನನಗೆ ಕೈ ಓಡಲಿಲ್ಲ, ಬರೆಯಬೇಕಿದ್ದದ್ದು ಎರಡು ಯಂತ್ರಗಳ ಜಗಳ. ಎರಡು ದಿನ ತಡವಾಗಿ ಕಳಿಸಿದೆ. ಯಾಕೆಂದು ಕೇಳಿದವರಿಗೆ ಕರೆಂಟಿರಲಿಲ್ಲ ಅಂದೆ.

ಅಪ್ಪನಿಗೆ ಈಗ ಮಂಡಿ ನೋವು, ಹಳ್ಳದವರೆಗೆ ಇಳಿಯುವುದಿಲ್ಲ. ಗುಂಪು ದಾಟಿದ ಮಾರನೆಯ ಬೆಳಿಗ್ಗೆ, ಆನೆ ದೂರ ಹೋಗಿದೆ ಅಂತ ಮೆಸೇಜು ಬಂದ ಮೇಲೆ, ನಾರು ಹಿಡಿದು ನಾನೇ ಹೋಗುತ್ತೇನೆ. ಅಳತೆಗಳನ್ನು ಒಂದು ಹಳೇ ಕಾಫಿ ಲೆಕ್ಕದ ಪುಸ್ತಕದಲ್ಲಿ ಬರೆದಿಡುತ್ತಿದ್ದೇನೆ, ತಾರೀಕಿನ ಸಮೇತ. ಕಳೆದ ವಾರ ಗದ್ದೆಯ ಬದುವಿನಲ್ಲಿ ಒಂಟಿ ಹೆಜ್ಜೆಯ ಸಾಲು ಸಿಕ್ಕಿತು. ಮುಂಗಾಲಿನ ಸುತ್ತು ನಾಲ್ಕೂವರೆ ಅಡಿ. ಎತ್ತರ ನೀವೇ ಲೆಕ್ಕ ಹಾಕಿಕೊಳ್ಳಿ.